ಸೊನ್ನೆಯ ಇಮ್ಮಡಿ

ನಮ್ಮ ಊರಿನಲ್ಲಿ ಪ್ರತಿದಿನ ಮಧ್ಯಾಹ್ನ ಮೂರು ಗಂಟೆಗೆ ಜೀವವುಳ್ಳದ್ದೆಲ್ಲ ನೆಲದಿಂದ ಒಂದು ಗೇಣು ಮೇಲೇಳುತ್ತದೆ. ಮೂರು ಗಂಟೆ ಹದಿನೆಂಟು ನಿಮಿಷಕ್ಕೆ ಇಳಿಯುತ್ತದೆ. ಇದರಲ್ಲಿ ವಿವರಿಸುವಂಥದ್ದೇನೂ ಇಲ್ಲ. ಕ್ಷೌರದಂಗಡಿಯವನು ಎರಡೂ ಮುಕ್ಕಾಲರ ಮೇಲೆ ಕತ್ತಿ ಹಿಡಿಯುವುದಿಲ್ಲ. ಎಮ್ಮೆಯ ಹಾಲು ಕರೆಯುವವರು ನಾಲ್ಕರವರೆಗೆ ಕಾಯುತ್ತಾರೆ. ನ್ಯಾಯಾಧೀಶರೂ ಆರೋಪಿಯೂ ಒಟ್ಟಿಗೆ ತೇಲುವುದರಿಂದ ಆ ಹೊತ್ತಿನಲ್ಲಿ ತೀರ್ಪು ಓದುವ ಪದ್ಧತಿಯಿಲ್ಲ. ತುರ್ತು ಕೆಲಸವಿರುವವರು ಬೀದಿಯುದ್ದಕ್ಕೂ ಕಟ್ಟಿರುವ ಹಗ್ಗ ಹಿಡಿದು ಹೋಗುತ್ತಾರೆ. ಆದರೆ ಹದಿನೆಂಟು ನಿಮಿಷದೊಳಗೆ ಹೊರಟ ಜಾಗಕ್ಕೇ ಹಿಂದಿರುಗುತ್ತಾರೆ. ಏಕೆಂದರೆ ಚಪ್ಪಲಿ ನೆಲದಲ್ಲೇ ಉಳಿದಿರುತ್ತದೆ, ಮತ್ತು ಇಳಿಯುವಾಗ ತನ್ನ ಚಪ್ಪಲಿಗೇ ಇಳಿಯುವುದು ನಮ್ಮಲ್ಲಿ ಒಳ್ಳೆಯ ಮನೆತನದ ಲಕ್ಷಣ.

ನಾನು ಮೂವತ್ತಾರು ವರ್ಷ ಅಂಕಗಣಿತ ಕಲಿಸಿದವನು. ನಲವತ್ತೊಂದು ವರ್ಷಗಳಿಂದ ದಿನಾ ಮೂರು ಗಂಟೆಗೆ ಗೋಡೆಯ ಮೇಲೆ ಗೆರೆ ಎಳೆದು ನನ್ನ ಎತ್ತರವನ್ನು ಅಳೆದಿದ್ದೇನೆ. ಒಂದು ಗೇಣು. ಒಂದು ದಿನವೂ ಅದಕ್ಕಿಂತ ಎಳ್ಳಿನಷ್ಟು ಹೆಚ್ಚಿಲ್ಲ.

ನನ್ನ ತಂಗಿ ಅಂಬುಜಾಕ್ಷಿ ನನಗಿಂತ ಐದು ವರ್ಷ ಚಿಕ್ಕವಳು. ಗಂಡ ತೀರಿಕೊಂಡ ಮೇಲೆ ನನ್ನ ಮನೆಗೆ ಬಂದು ಇಪ್ಪತ್ತೆರಡು ವರ್ಷಗಳಾದವು. ಮೂರು ಗಂಟೆಗೆ ನಾವಿಬ್ಬರೂ ಎಡಗೈಯಲ್ಲಿ ಕಿಟಕಿಯ ಸರಳು ಹಿಡಿದು, ಬಲಗೈಯಲ್ಲಿ ಕವಡೆ ಎಸೆದು, ಬೆಂಚಿನ ಮೇಲೆ ಹಾಸಿದ ಬಟ್ಟೆಯಲ್ಲಿ ಚೌಕಾಬಾರ ಆಡುತ್ತಿದ್ದೆವು. ಬಟ್ಟೆಯ ಮೇಲೆ ಮನೆಗಳನ್ನು ಕಸೂತಿ ಹಾಕಿದವರು ನಮ್ಮ ತಾಯಿ. ಮೂರು ವರ್ಷಗಳ ಹಿಂದೆ, ಆಷಾಢದಲ್ಲಿ, ಇನ್ನೊಂದೇ ಮನೆ ದಾಟಿದರೆ ಹಣ್ಣಾಗಬೇಕಿದ್ದ ನನ್ನ ಕಾಯಿಯನ್ನು ಅವಳು ಸತತ ಮೂರು ದಿನ ಹೊಡೆದಳು. ಮೂರನೆಯ ದಿನ ನಾನು ಬಟ್ಟೆಯನ್ನು ಮಡಿಸಿ ಅಟ್ಟಕ್ಕೆ ಹಾಕಿದೆ. ವಿಷಯ ಅಲ್ಲಿಗೆ ಮುಗಿಯಿತೆಂದು ತಿಳಿದಿದ್ದೆ. ಆ ಮೇಲೆ ಮೂರು ಗಂಟೆಗೆ ಅವಳು ಏನು ಮಾಡುತ್ತಾಳೆಂದು ನಾನು ಕೇಳಲಿಲ್ಲ.

ಅವಳು ಗುಡ್ಡಪ್ಪನ ಶೆಡ್ಡಿಗೆ ಹೋಗುತ್ತಿದ್ದಳು.

ಗುಡ್ಡಪ್ಪ ಹಿಂದೆ ಮನೆಮನೆಗೆ ಹೋಗಿ, ಸವೆದು ನುಣುಪಾದ ಒರಳುಕಲ್ಲಿಗೆ ಉಳಿಯಿಂದ ಮುಳ್ಳು ಹೊಡೆಯುತ್ತಿದ್ದವನು. ಮಿಕ್ಸಿ ಬಂದಮೇಲೆ ಅವನನ್ನು ಕರೆಯುವವರಿಲ್ಲವಾದರು. ಜನ ಬೀದಿಗೆ ಎಸೆದ ಕಲ್ಲುಗಳನ್ನೆಲ್ಲ ಅವನು ಮರುಕದಿಂದ ತನ್ನ ತಗಡಿನ ಶೆಡ್ಡಿಗೆ ತಂದಿಟ್ಟುಕೊಂಡನು. ಅವನು ಮೋಸಗಾರನಲ್ಲ. ಇದನ್ನು ನಾನು ನ್ಯಾಯಕ್ಕಾಗಿ ಹೇಳಬೇಕು. ಒಂದು ದಿನ ಮೂರು ಗಂಟೆಗೆ ಅವನ ಮಡಿಲಲ್ಲಿ ಒಂದು ರುಬ್ಬುಗುಂಡು ಇತ್ತು, ಅವನು ಮೇಲೇಳಲಿಲ್ಲ. ಊರಿಗೆ ಊರೇ ತೇಲುತ್ತಿರುವಾಗ ತಾನೊಬ್ಬನೇ ನೆಲದಲ್ಲಿ ಕುಳಿತಿರುವುದು ಅವನಿಗೆ ದೊಡ್ಡ ಸತ್ಯವಾಗಿ ಕಂಡಿತು. ಮೇಲೇಳುವುದು ದೇಹದ ಅಹಂಕಾರ ಎಂದನು. ಮುಂದೊಂದು ದಿನ ‘ಮಹಾ ಏರಿಕೆ’ ಬರುತ್ತದೆ. ಅಂದು ಜನ ಒಂದು ಗೇಣಿಗೆ ನಿಲ್ಲದೆ ಹೋಗುತ್ತಲೇ ಇರುತ್ತಾರೆ. ಕಲ್ಲು ಕಟ್ಟಿಕೊಂಡವರು ಮಾತ್ರ ಉಳಿಯುತ್ತಾರೆ ಎಂದು ಸಾರಿದನು. ಅವನ ಹಿಂದೆ ಹೋದವರು ತಮ್ಮನ್ನು ಭಾರವಂತರು ಎಂದು ಕರೆದುಕೊಂಡರು. ಎದುರಾದಾಗ ಒಬ್ಬರು “ಭಾರವೇ?” ಎನ್ನುವರು, ಇನ್ನೊಬ್ಬರು “ಭಾರ, ಭಾರ” ಎನ್ನುವರು. ನಗುವುದಿಲ್ಲ.

ಮೊದಲ ದಿನ ಹುಣಿಸೆಬೀಜದಷ್ಟು ಕಲ್ಲನ್ನು ಅಂಗೈಯಲ್ಲಿ ಹಿಡಿಸುತ್ತಾರೆ. ಅಷ್ಟೇ. ಅಂಬುಜ ಅಂದು ಸಂಜೆ ಮನೆಗೆ ಬಂದಾಗ ಅವಳ ಮುಖ ಬೇರೆಯಾಗಿತ್ತು.

“ಅಣ್ಣಯ್ಯ, ಇವತ್ತು ಎಲ್ಲರೂ ನನಗೆ ಚಪ್ಪಾಳೆ ತಟ್ಟಿದರು.”

“ಏತಕ್ಕೆ?”

“ಒಂದು ಕಲ್ಲು ಹಿಡ್ಕೊಂಡು ಕೂತಿದ್ದೆ.”

“ಕಲ್ಲು ಹಿಡಿದು ಕೂರುವುದಕ್ಕೆ ಚಪ್ಪಾಳೆಯೇ?”

“ಐವತ್ತು ವರ್ಷದಿಂದ ಸಾರು ಮಾಡ್ತಿದೀನಿ. ಅದಕ್ಕೆ ಯಾರು ತಟ್ಟಿದರು?”

ಆ ದಿನ ಸಾರಿನಲ್ಲಿ ಉಪ್ಪು ತುಸು ಹೆಚ್ಚಾಗಿತ್ತು. ಅದನ್ನು ಹೇಳಿದೆ.

ಹುಣಿಸೆಬೀಜ ನೆಲ್ಲಿಕಾಯಿಯಾಯಿತು, ನೆಲ್ಲಿಕಾಯಿ ತೆಂಗಿನಕಾಯಿಯಾಯಿತು. ವರ್ಷ ತುಂಬುವಷ್ಟರಲ್ಲಿ ಅವಳ ಸೊಂಟದ ಸುತ್ತ ನಾಲ್ಕು ಕಿಲೋ ಕಲ್ಲಿನ ಪಟ್ಟಿ ಬಂದಿತು. ಪಟ್ಟಿಯ ಗಂಟು ಬೆನ್ನ ಹಿಂದೆ, ಸ್ವಂತ ಕೈಗೆ ಎಟುಕದ ಕಡೆ. ಅದನ್ನು ಕಟ್ಟಲು, ಬಿಚ್ಚಲು ಪ್ರತಿಯೊಬ್ಬರಿಗೂ ಒಬ್ಬ ‘ಗಂಟುಜೋಡಿ’ ಇರಬೇಕು. ಆಚೆಮನೆಯವರ ಎರಡು ಕುರ್ಚಿ ಅವಳ ಕೆಳಗೆ ಮುರಿದವು; ಅವರು ಕರೆಯುವುದನ್ನು ಬಿಟ್ಟರು. ಆಗ ಅವಳಿಗೆ ಕೂರಲು ಉಳಿದದ್ದು ಶೆಡ್ಡಿನ ನೆಲವೊಂದೇ.

ಬಿಟ್ಟುಬಂದವರೇ ಇರಲಿಲ್ಲವೆಂದಲ್ಲ. ಬಸ್ಸಿನ ಕಂಡಕ್ಟರ್ ರಾಚಪ್ಪ ಒಮ್ಮೆ ಕಲ್ಲು ಕಳಚಿದನು. ಭಾರವಂತರ ನಿಯಮದಂತೆ, ಒಬ್ಬರು ಬಿಟ್ಟರೆ ಅವರ ಜೋಡಿಯ ಮೈಮೇಲಿರುವ ಭಾರ ಇಮ್ಮಡಿಯಾಗುತ್ತದೆ. ರಾಚಪ್ಪನ ಜೋಡಿ ದರ್ಜಿ ನಂಜಯ್ಯ ಮರುದಿನದಿಂದ ಇಮ್ಮಡಿ ಕಲ್ಲು ಹೊತ್ತು, ಬೆಳಗ್ಗೆ ರಾಚಪ್ಪನ ಕಿಟಕಿಯ ಮುಂದೆ ಬಾಗಿಕೊಂಡು ಹಾದುಹೋಗುತ್ತಿದ್ದನು. ಬೈಯಲಿಲ್ಲ. “ಆರಾಮೇನಪ್ಪಾ?” ಎಂದು ವಿಚಾರಿಸಿಕೊಂಡು ಹೋಗುತ್ತಿದ್ದನು. ಇದರ ಮೇಲೆ ಇನ್ನೊಂದು: ಕಲ್ಲು ಹೊತ್ತು ಕಾಲು ಗಟ್ಟಿಯಾಗಿದ್ದ ರಾಚಪ್ಪ ಮೂರು ಗಂಟೆಗೆ ಅಭ್ಯಾಸಬಲದಿಂದ ನೆಲವನ್ನು ಒದ್ದು, ಬಸ್ಸಿನ ಮಾಡಿಗೆ ತಲೆ ಬಡಿಸಿಕೊಂಡನು. ಊರಿಗೆಲ್ಲ ಒಂದು ಗೇಣು. ಅವನಿಗೆ ಎರಡು ಅಡಿ. “ನೋಡಿದಿರಾ? ಬಿಟ್ಟವರಿಗೆ ಮಹಾ ಏರಿಕೆ ಆಗಲೇ ಶುರು” ಎಂದನು ಗುಡ್ಡಪ್ಪ. ಎಂಟನೆಯ ದಿನ ರಾಚಪ್ಪ ಮತ್ತೆ ಶೆಡ್ಡಿನೊಳಗಿದ್ದನು.

ನಾನು ಸುಮ್ಮನಿರುವ ಜಾತಿಯವನಲ್ಲ. ‘ಭಾರವಂತರ ಹನ್ನೆರಡು ತಪ್ಪುಗಳು’ ಎಂಬ ಲೇಖನವನ್ನು ಬರೆದು ವಾಚನಾಲಯದ ಫಲಕಕ್ಕೆ ಅಂಟಿಸಿದೆ. ನಲವತ್ತೊಂದು ವರ್ಷಗಳ ಗೆರೆಗಳು, ಅವುಗಳ ಸರಾಸರಿ, ರಾಚಪ್ಪನ ಕಾಲಿನ ಸ್ನಾಯು — ಯಾವುದನ್ನೂ ಬಿಟ್ಟಿರಲಿಲ್ಲ. ಅಲ್ಲಗಳೆಯುವಂಥ ಒಂದು ಸಾಲೂ ಅದರಲ್ಲಿರಲಿಲ್ಲ. ಮೂರನೆಯ ದಿನ ಗುಡ್ಡಪ್ಪನೇ ನಮ್ಮ ಬಾಗಿಲಿಗೆ ಬಂದು ಕೈಮುಗಿದನು.

“ಬೋ ಉಪಕಾರ ಆಯ್ತು ಮೇಷ್ಟ್ರೇ. ಹನ್ನೆರಡು ಹಗುರ ಮಾತು ಬತ್ತವೆ ಅಂತ ನಾನು ಮೊದ್ಲೇ ಹೇಳಿದ್ದೆ.”

“ಯಾವಾಗ ಹೇಳಿದ್ದೆ?”

“ನೀವು ಬರೆದ ಮೇಲೆ ಗ್ಯಾಪ್ಕಕ್ಕೆ ಬಂತು.”

ಟೀಕೆಗೆ ಅವರಿಟ್ಟ ಹೆಸರು ಹಗುರ ಮಾತು. ಅದು ಕಿವಿಗೆ ಬಿದ್ದಾಗ “ಕಲ್ಲು ಮುಟ್ಟಿಕೋ” ಎನ್ನುತ್ತಾರೆ. ಕಲ್ಲು ಮುಟ್ಟಿಕೊಂಡರೆ ಯೋಚನೆ ನಿಲ್ಲುತ್ತದೆ. ಒಂದೊಂದು ಹಗುರ ಮಾತಿಗೆ ಪರಿಹಾರವಾಗಿ ಒಂದೊಂದು ಕಾಲು ಕಿಲೋ ಕಲ್ಲು ಏರಿಸುತ್ತಾರೆ. ಅಂದು ಸಂಜೆ ಅಂಬುಜ ಹೊಸಿಲು ದಾಟಲು ಬಾಗಿಲುವಾಡ ಹಿಡಿದುಕೊಂಡಳು. ಹನ್ನೆರಡು ತಪ್ಪು, ತಪ್ಪಿಗೆ ಕಾಲು ಕಿಲೋ, ಒಟ್ಟು ಮೂರು ಕಿಲೋ. ನನ್ನ ಲೇಖನದ ತೂಕ ನನ್ನ ತಂಗಿಯ ಸೊಂಟದಲ್ಲಿ ನೇತಾಡುತ್ತಿತ್ತು. ಮೂವತ್ತೆಂಟು ಜನರಿದ್ದ ಮಂಡಳಿ ಒಂದೇ ತಿಂಗಳಲ್ಲಿ ಅರವತ್ತನಾಲ್ಕಕ್ಕೆ ಏರಿತು. ಮೇಷ್ಟ್ರು ಇಷ್ಟು ಸಿಟ್ಟಾಗಬೇಕಾದರೆ ಅಲ್ಲಿ ಏನೋ ಇರಲೇಬೇಕೆಂದು ಜನ ಮಾತಾಡಿಕೊಂಡರಂತೆ.

ಆಮೇಲೆ ಗುಡ್ಡಪ್ಪ ಮಹಾ ಏರಿಕೆಯ ದಿನವನ್ನೇ ಗೊತ್ತುಮಾಡಿದನು. ನನಗೆ ಸಂತೋಷವಾಯಿತು, ಲೆಕ್ಕವೊಂದನ್ನು ಪರೀಕ್ಷಿಸಲು ಅದರ ಉತ್ತರ ನೋಡುವುದಕ್ಕಿಂತ ಒಳ್ಳೆಯ ದಾರಿಯಿಲ್ಲ. ಆ ದಿನ ಮೂರು ಗಂಟೆಗೆ ನಾನು ಅಳತೆಪಟ್ಟಿ ಹಿಡಿದು ಚಾವಡಿಯ ಮುಂದೆ ನಿಂತೆ. ಊರು ಒಂದು ಗೇಣು ಎದ್ದಿತು. ಊರು ಒಂದು ಗೇಣು ಇಳಿಯಿತು. ನಾನು ಅಳತೆಪಟ್ಟಿಯನ್ನು ಎತ್ತಿ ತೋರಿಸುತ್ತ ಶೆಡ್ಡಿನೊಳಗೆ ಹೋದಾಗ ಅಲ್ಲಿ ಅರವತ್ತನಾಲ್ಕು ಜನ ಒಬ್ಬರನ್ನೊಬ್ಬರು ತಬ್ಬಿಕೊಂಡು ಆನಂದದಿಂದ ಅಳುತ್ತಿದ್ದರು.

“ನಾವು ಹಿಡ್ಕಂಡಿದ್ದಕ್ಕೇ ಊರು ಉಳೀತು ಮೇಷ್ಟ್ರೇ” ಎಂದನು ಗುಡ್ಡಪ್ಪ, ಕಣ್ಣೊರೆಸಿಕೊಳ್ಳುತ್ತ. “ನಿಮ್ಮನ್ನೂ ಸೇರಿಸಿ ಹಿಡ್ಕಂಡಿದ್ವಿ.”

ಇದಕ್ಕೆ ನಾನು ಎರಡು ಪುಟದಲ್ಲಿ ಎಂಟು ಅಂಶಗಳ ಉತ್ತರ ಬರೆದೆ. ಅಂಬುಜಳಿಗೆ ಇನ್ನೆರಡು ಕಿಲೋ ಏರಿತು. ಒಟ್ಟು ಒಂಬತ್ತು.

ಆಷಾಢದ ಹುಣ್ಣಿಮೆ ಕಳೆದ ನಾಲ್ಕನೆಯ ದಿನ ಅವಳು ಅಡುಗೆಮನೆಯಿಂದಲೇ, ನನ್ನ ಕಡೆ ನೋಡದೆ, “ಅಣ್ಣಯ್ಯ, ಬರೋ ಹುಣ್ಣಿಮೆಗೆ ಪೂರ್ಣಭಾರ” ಎಂದಳು. ಅದೇನೆಂದು ನನಗೆ ಗೊತ್ತಿತ್ತು. ಪೂರ್ಣಭಾರದಲ್ಲಿ ಗಂಟನ್ನು ನೆನೆಸಿದ ತೆಂಗಿನ ನಾರಿನಿಂದ ಬಿಗಿಯುತ್ತಾರೆ. ನಾರು ಒಣಗಿದ ಮೇಲೆ ಅದು ಬಿಚ್ಚುವುದಿಲ್ಲ. ದೀಕ್ಷೆ ಹೊಂದಿದವರು ಶೆಡ್ಡಿನಲ್ಲೇ ವಾಸಿಸಬೇಕು. ಕಲ್ಲಿಲ್ಲದವರೊಂದಿಗೆ, ಒಡಹುಟ್ಟಿದವರೇ ಆದರೂ, ಮಾತಾಡಬಾರದು. ಹುಣ್ಣಿಮೆಗೆ ಇಪ್ಪತ್ತಾರು ದಿನಗಳಿದ್ದವು.

ನಾನು ಹದಿಮೂರನೆಯ ತಪ್ಪನ್ನು ಬರೆಯಲು ಕುಳಿತೆ. ಲೇಖನಿಗೆ ಮಸಿ ತುಂಬಿದ ಮೇಲೆ ಒಂದು ಸರಳ ಲೆಕ್ಕ ಕಣ್ಣಿಗೆ ಬಿದ್ದಿತು. ಮೂರು ವರ್ಷಗಳಲ್ಲಿ ನಾನಾಡಿದ ಪ್ರತಿ ಮಾತೂ ಕೂಡಿಕೆಯಾಗಿತ್ತು, ಒಂದಾದರೂ ಕಳೆದಿರಲಿಲ್ಲ. ಲೇಖನಿಯ ಮುಚ್ಚಳ ಹಾಕಿದೆ. ಏಣಿ ತಂದು ಅಟ್ಟ ಹತ್ತಿ, ಚೌಕಾಬಾರದ ಬಟ್ಟೆಯನ್ನು ಕೆಳಗಿಳಿಸಿ, ಧೂಳು ಕೊಡವಿ ಬೆಂಚಿನ ಮೇಲೆ ಹಾಸಿದೆ. ಅಂದು ಮೂರು ಗಂಟೆಗೆ ಒಬ್ಬನೇ ಸರಳು ಹಿಡಿದು ತೇಲುತ್ತ ಎರಡೂ ಕಡೆಯ ಕವಡೆ ಎಸೆದೆ. ಮರುದಿನವೂ ಹಾಗೆಯೇ ಮಾಡಿದೆ. ಐದನೆಯ ದಿನ ಅವಳು ಶೆಡ್ಡಿಗೆ ಹೊರಟವಳು ಬಾಗಿಲಲ್ಲಿ ನಿಂತಳು.

“ನನ್ನ ಕಾಯಿನ ನೀನೇ ನಡೆಸ್ತಿದೀಯಾ?”

“ಹೌದು.”

“ಯಾರು ಗೆಲ್ತಿದಾರೆ?”

“ನೀನು.”

ಅವಳು ಬಂದು ಬೆಂಚಿನ ಆ ಬದಿಯ ನೆಲದ ಮೇಲೆ ಕುಳಿತಳು. ನಾನು ಗಾಳಿಯಲ್ಲಿ, ಅವಳು ಒಂಬತ್ತು ಕಿಲೋ ಸಮೇತ ನೆಲದಲ್ಲಿ. ಕಲ್ಲಿನ ವಿಷಯ ನಾನು ಎತ್ತಲಿಲ್ಲ. ಆ ದಿನವೂ ಎತ್ತಲಿಲ್ಲ, ಅದರ ಮರುದಿನವೂ ಎತ್ತಲಿಲ್ಲ. ಸಾರು ಚೆನ್ನಾಗಿದೆ ಎಂದು ಒಮ್ಮೆ ಹೇಳಿದೆ. ಅವಳು ಹೆದರಿ ನನ್ನ ಹಣೆ ಮುಟ್ಟಿ ನೋಡಿದಳು.

ಹತ್ತನೆಯ ದಿನದ ಆಟದ ನಡುವೆ, ಕವಡೆಗಳನ್ನು ಅಂಗೈಯಲ್ಲಿ ಕುಲುಕುತ್ತ, ಅವಳೇ ಬಾಯಿಬಿಟ್ಟಳು.

“ಮಹಾ ಏರಿಕೆ ಅಂತೆ. ಅದನ್ನ ಯಾರು ನಂಬ್ತಾರೆ ಅಣ್ಣಯ್ಯ?”

ನನ್ನ ಕೈಯಿಂದ ಕಿಟಕಿಯ ಸರಳು ತಪ್ಪಿತು. ಗೋಡೆಯವರೆಗೆ ತೇಲಿಹೋಗಿ ಹಿಂದಿರುಗಿದೆ.

“ನಂಬುವುದಿಲ್ಲವೇ?”

“ಮೊದಮೊದಲು ಸ್ವಲ್ಪ ನಂಬಿದ್ದೆ. ನಿನ್ನ ಗೋಡೆ ಮೇಲೆ ಗೆರೆ ಇದಾವಲ್ಲ, ನನಗೇನು ಕಣ್ಣಿಲ್ವಾ?”

“ಹಾಗಾದರೆ ಬಿಡಬಾರದೇ?”

“ಬಿಟ್ಟರೆ ಚೆನ್ನಾಜಮ್ಮನಿಗೆ ಇಮ್ಮಡಿ ಆಗತ್ತೆ. ಅವಳು ಇರೋದೇ ಕಡ್ಡಿ ಹಾಗೆ.”

ಚೆನ್ನಾಜಮ್ಮ ಅವಳ ಗಂಟುಜೋಡಿ. ಎಪ್ಪತ್ತೆಂಟು ವರ್ಷದ ಹೂವಾಡಗಿತ್ತಿ. ಮೂವತ್ತಾರು ಕಿಲೋ ತೂಗುವ ಮುದುಕಿ. ಅವಳ ಮೈಮೇಲೂ ಒಂಬತ್ತು ಕಿಲೋ ಕಲ್ಲಿತ್ತು, ಇಮ್ಮಡಿಯಾದರೆ ಹದಿನೆಂಟು. ಮೂರು ವರ್ಷ ನಾನು ಯಾವ ನಂಬಿಕೆಯನ್ನು ಖಂಡಿಸಿದ್ದೆನೋ ಅದು ನನ್ನ ತಂಗಿಯ ಮನಸ್ಸಿನಲ್ಲಿ ಇರಲೇ ಇಲ್ಲ. ಇಲ್ಲದ ಮನೆಯ ಬಾಗಿಲನ್ನು ನಾನು ಬಡಿಯುತ್ತಿದ್ದೆ.

ಮರುದಿನ ಬೆಳಗ್ಗೆ ಚೆನ್ನಾಜಮ್ಮನ ಬಳಿ ಹೋಗಿ ಎರಡು ಮೊಳ ಸೇವಂತಿಗೆ ಕೊಂಡೆ. ನನಗೆ ಹೂವಿನ ಅಗತ್ಯವಿರಲಿಲ್ಲ.

“ಮಹಾ ಏರಿಕೆ ಬರುತ್ತದೆಯೇ ಚೆನ್ನಾಜಮ್ಮ?” ಎಂದೆ.

“ಬರ್ಲಿ ಬುಡಿ ಸ್ವಾಮಿ, ನಾನೇನು ಬ್ಯಾಡ ಅಂದ್ನಾ? ನಂಗೆ ಅದರ ಮ್ಯಾಲೆ ಗ್ಯಾನಿಲ್ಲ.” ಅವಳು ಹಲ್ಲಿನಿಂದ ದಾರ ಕಡಿದಳು. “ನಿಮ್ಮ ತಂಗ್ಯಮ್ಮೋರು ಅವ್ರಲ್ಲ, ಅವ್ರಿಗೋಸ್ಕರ ಇವ್ನಿ. ನಾನು ಬುಟ್ರೆ ಪಾಪ ಅವ್ರ ಮಂಡಿ ಮುರ್ದೋಯ್ತದೆ. ಅವ್ರು ಬಲು ನಂಬವ್ರೆ. ಯೋಳ್ಬ್ಯಾಡಿ.”

ನಾನು ಹೂವನ್ನು ಹಿಡಿದುಕೊಂಡು ಬೀದಿಯ ಮಧ್ಯದಲ್ಲಿ ನಿಂತೆ. ಸೈಕಲ್ಲಿನವನೊಬ್ಬ ಗಂಟೆ ಬಾರಿಸಿ ಬಯ್ದು ಹೋದನು.

ಹುಣ್ಣಿಮೆಗೆ ಎರಡು ದಿನ ಮೊದಲು ಇಬ್ಬರನ್ನೂ ನಮ್ಮ ಜಗಲಿಯಲ್ಲಿ ಕೂರಿಸಿದೆ. ಇಬ್ಬರೂ ತಮ್ಮ ತಮ್ಮ ಮಾತನ್ನು ಹೇಳಿದರು. ಕ್ಷಣ ಹೊತ್ತು ಒಬ್ಬರ ಮುಖ ಒಬ್ಬರು ನೋಡಿದರು.

“ಅಯ್ಯೋ ನಿನ್ನ, ಹೇಳೋದಲ್ವಾ!” ಎಂದಳು ಅಂಬುಜ.

“ನೀವು ಯೋಳಿದ್ರಾ?” ಎಂದಳು ಚೆನ್ನಾಜಮ್ಮ. “ನಾನು ಭಾರ ಭಾರ ಅಂತ ಗಂಟಲು ಹರ್ಕಂಡಿದ್ದೆಲ್ಲ ನಿಮಗೆ ಬೇಜಾರಾಯ್ತದೆ ಅಂತ.”

ನಾನು ನಂಬಿಕೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಗುಣಾಕಾರದ ಬಗ್ಗೆ ಮಾತ್ರ ಕೇಳಿದೆ. “ಒಬ್ಬರು ಬಿಟ್ಟರೆ ಜೋಡಿಗೆ ಇಮ್ಮಡಿ. ಇಬ್ಬರೂ ಒಂದೇ ಗಳಿಗೆಯಲ್ಲಿ ಬಿಟ್ಟರೆ?”

“ಇಬ್ಬರಿಗೂ ಇಮ್ಮಡಿ” ಎಂದಳು ಅಂಬುಜ.

“ಎಷ್ಟರ ಇಮ್ಮಡಿ?”

“ಮೈಮೇಲೆ ಇರೋದರ.”

“ಆಗ ಮೈಮೇಲೆ ಇರುವುದೆಷ್ಟು?”

ಅವಳು ಬೆರಳು ಮಡಿಸಿ, ಬಿಚ್ಚಿ, ಕೊನೆಗೆ ಖಾಲಿ ಅಂಗೈ ನೋಡಿದಳು. ಚೆನ್ನಾಜಮ್ಮ, “ಸೊನ್ನೇನ ಎಲ್ಡು ಸಲ ಕೊಟ್ರೆ ಏನು ಬತ್ತದೆ ಸ್ವಾಮಿ?” ಎಂದಳು.

“ಸೊನ್ನೆ.”

“ಪಕ್ಕಾನಾ?”

“ಮೂವತ್ತಾರು ವರ್ಷ ಕಲಿಸಿದ್ದೇನೆ. ಒಮ್ಮೆಯೂ ಬದಲಾಗಿಲ್ಲ.”

ಹುಣ್ಣಿಮೆಯ ದಿನ ಮೂರು ಗಂಟೆಗೆ ಐದು ನಿಮಿಷವಿರುವಾಗ ನಾನು ಶೆಡ್ಡಿನ ಹೊರಗಿನ ಕಿಟಕಿಯಲ್ಲಿದ್ದೆ. ಒಳಗೆ ಅರವತ್ತನಾಲ್ಕು ಜನ. ಗುಡ್ಡಪ್ಪನ ಮುಂದೆ ಬಕೆಟ್ಟಿನಲ್ಲಿ ನೆನೆಹಾಕಿದ ನಾರು. ಮೂರು ಹೊಡೆಯಿತು. ನಾನು ಎದ್ದೆ, ಒಳಗಿನವರು ಏಳಲಿಲ್ಲ. ಅಂಬುಜಳೂ ಚೆನ್ನಾಜಮ್ಮನೂ ಸೊಂಟದ ಗಂಟನ್ನು ಒಬ್ಬರು ಬಿಚ್ಚಿ ಇನ್ನೊಬ್ಬರು ಕಾಯುವಂತಿರಲಿಲ್ಲ. ಇಬ್ಬರದೂ ಒಟ್ಟಿಗೆ ಬಿಚ್ಚಬೇಕಾದರೆ ಎದುರುಬದುರು ಕುಳಿತು ತಬ್ಬಿಕೊಳ್ಳುವುದೊಂದೇ ದಾರಿ. ಅವರು ತಬ್ಬಿಕೊಂಡರು. ಬೆನ್ನ ಹಿಂದೆ ನಾಲ್ಕು ಕೈಗಳು ಗಂಟುಗಳನ್ನು ತಡಕಾಡಿದವು.

“ಭಕ್ತಿ ಅಂದ್ರೆ ಇದು” ಎಂದನು ಗುಡ್ಡಪ್ಪ, ಎಲ್ಲರಿಗೂ ತೋರಿಸುತ್ತ.

“ಉಗುರಿಗೆ ಸಿಗ್ತಿಲ್ಲ” ಎಂದಳು ಅಂಬುಜ.

“ನಾನು ಹೂ ಕಟ್ಟೋಳು, ನಂದಾಯ್ತು. ನಿಮಗೋಸ್ಕರ ಹಿಡ್ಕಂಡಿವ್ನಿ, ಬಿರ್ರನೆ ಎಳೀರಿ” ಎಂದಳು ಚೆನ್ನಾಜಮ್ಮ.

ಹದಿನೆಂಟು ಕಿಲೋ ಕಲ್ಲು ಒಂದೇ ಸದ್ದಿಗೆ ನೆಲಕ್ಕೆ ಬಿತ್ತು. ಗಟ್ಟಿಯಾದ ಕಾಲುಗಳ ಆ ಇಬ್ಬರು ಮುದುಕಿಯರು ತಬ್ಬಿಕೊಂಡ ಹಾಗೆಯೇ ಮೇಲಕ್ಕೆ ಚಿಮ್ಮಿ, ತಗಡಿನ ಮಾಡಿಗೆ ಡಣ್ಣೆಂದು ಬಡಿದು, ಮೆಲ್ಲಗೆ ಇಳಿದು, ನೆಲದಿಂದ ಒಂದು ಗೇಣಿಗೆ ಬಂದು ನಿಂತರು. ನಾನು ಕಿಟಕಿಯಿಂದಲೇ ಕಣ್ಣಳತೆ ಹಾಕಿದೆ. ಸರಿಯಾಗಿ ಒಂದು ಗೇಣು.

“ಇಮ್ಮಡಿ ಹಾಕಿ! ಇಬ್ಬರಿಗೂ ಹಾಕಿ!” ಎಂದು ಗುಡ್ಡಪ್ಪ ಕೂಗಿದನು. ಕಲ್ಲು ಕಟ್ಟುವ ಕೆಲಸ ದರ್ಜಿ ನಂಜಯ್ಯನದು. ಅವನು ಟೇಪು ಹಿಡಿದು ಬಂದು ಅಂಬುಜಳ ಸೊಂಟ ನೋಡಿದನು, ಚೆನ್ನಾಜಮ್ಮನ ಸೊಂಟ ನೋಡಿದನು.

“ಎಷ್ಟಕ್ಕೆ ಹಾಕ್ಲಿ ಸ್ವಾಮಿ? ಇವರ ಮೈಮೇಲೆ ಏನೂ ಇಲ್ವಲ್ಲ.”

“ಇರೋದಕ್ಕೆ ಹಾಕಪ್ಪಾ” ಎಂದನು ಗುಡ್ಡಪ್ಪ.

ನಂಜಯ್ಯ ಪ್ರಾಮಾಣಿಕ ಮನುಷ್ಯ. ಇಲ್ಲದ್ದನ್ನು ಎರಡು ಸಲ ಕಟ್ಟಿ, ಎರಡು ಸಲ ಗಂಟು ಹಾಕಿದಂತೆ ಮಾಡಿ, ಪಕ್ಕಕ್ಕೆ ಸರಿದನು. “ತುಸು ಬಿಗಿಯಾಯ್ತು ಕಣಪ್ಪ” ಎಂದಳು ಚೆನ್ನಾಜಮ್ಮ.

ಮಂಡಳಿ ಇದಕ್ಕೂ ಉತ್ತರ ಹುಡುಕಿತು. ಅವರಿಬ್ಬರೂ ಮೊದಲಿನಿಂದಲೇ ನಿಜವಾದ ಭಾರವಂತರಾಗಿರಲಿಲ್ಲವೆಂದು ತೀರ್ಮಾನವಾಯಿತು. ಜೋಡಿಯ ಬದಲು ಮೂವರ ಗಂಟು ಎಂದು ನಿಯಮ ತಿದ್ದಿದರು. ಅರವತ್ತೆರಡನ್ನು ಮೂರರಿಂದ ಭಾಗಿಸಿದರೆ ಎರಡು ಉಳಿಯುತ್ತದೆ. ಇದನ್ನು ನಾನು ಯಾರಿಗೂ ಹೇಳಲಿಲ್ಲ. ಉಳಿದ ಇಬ್ಬರು ರಾಚಪ್ಪ ಮತ್ತು ನಂಜಯ್ಯ. ಯಾವ ಗುಂಪಿಗೂ ಸೇರದ ಅವರು ಬಿಟ್ಟರೆ ಯಾರಿಗೂ ಇಮ್ಮಡಿಯಾಗುವಂತಿರಲಿಲ್ಲ. ವಾರ ಕಳೆಯುವಷ್ಟರಲ್ಲಿ ಇಬ್ಬರೂ ನಮ್ಮ ಜಗಲಿಯಲ್ಲಿದ್ದರು, “ಸುಮ್ನೆ ಹೀಗೇ ಬಂದ್ವಿ” ಎನ್ನುತ್ತ. ಚೌಕಾಬಾರಕ್ಕೆ ನಾಲ್ವರು ಸಾಕು, ಐವರಾದೆವು. ಸರದಿಯ ಪಟ್ಟಿಯನ್ನು ನಾನು ಬರೆದೆ.

ಭಾದ್ರಪದದಲ್ಲಿ ವಾಚನಾಲಯದ ಫಲಕದ ಮೇಲೆ ಹೊಸ ಹಾಳೆ ಕಾಣಿಸಿತು: ‘ತ್ರಯಂಬಕ ಮೇಷ್ಟ್ರ ಮನೆಯ ಹನ್ನೆರಡು ತಪ್ಪುಗಳು’. ರಾಚಪ್ಪ ಅದನ್ನು ಕಿತ್ತು ತಂದು, ಮೂರು ಗಂಟೆಗೆ ತೇಲುತ್ತ ಓದಿದನು. ಮೊದಲ ಮೂರು ಸುಳ್ಳು. ನಾಲ್ಕನೆಯದು: ‘ಸೋತರೆ ಮೇಷ್ಟ್ರು ಬಟ್ಟೆ ಮಡಿಸುತ್ತಾರೆ.’

“ಹಗುರ ಮಾತು” ಎಂದೆ. “ಇವತ್ತು ಅರ್ಧ ಗಂಟೆ ಹೆಚ್ಚಿಗೆ ಆಡೋಣ.”

“ಅಣ್ಣಯ್ಯ,” ಎಂದಳು ಅಂಬುಜ, “ಕಲ್ಲು ಮುಟ್ಟಿಕೋ.”

ಚೆನ್ನಾಜಮ್ಮ ನಕ್ಕ ನಗುವಿಗೆ ಜಗಲಿಗೆ ಕಟ್ಟಿದ ಹಗ್ಗ ಕೈತಪ್ಪಿ ಬೀದಿಯ ಕಡೆಗೆ ತೇಲಿಹೋದಳು. ನಂಜಯ್ಯ ಸೆರಗು ಹಿಡಿದು ಎಳೆದುತಂದನು. ಆಟ ಮುಂದುವರಿಯಿತು. ನನ್ನ ಕೊನೆಯ ಕಾಯಿ ಹಣ್ಣಾಗಲು ಒಂದೇ ಮನೆ ಉಳಿದಿತ್ತು. ಅಂಬುಜ ಕವಡೆ ಕುಲುಕಿ ಎಸೆದಳು. ಮೂರು ಬಿತ್ತು. ಅವಳ ಕಾಯಿ ನನ್ನ ಕಾಯಿಯಿಂದ ಸರಿಯಾಗಿ ಮೂರು ಮನೆ ಹಿಂದಿತ್ತು. ಅವಳು ಕೈಯನ್ನು ಚಾಚಲಿಲ್ಲ, ನನ್ನನ್ನು ನೋಡಿದಳು. ಉಳಿದ ಮೂವರೂ ಬಟ್ಟೆಯ ಅಂಚಿನ ಮೇಲಿದ್ದ ನನ್ನ ಕೈಯನ್ನು ನೋಡಿದರು.

“ಎಣಿಸಲು ಬರುವುದಿಲ್ಲವೇ?” ಎಂದೆ. “ಹೊಡಿ.”

ಅವಳು ಹೊಡೆದಳು. ಅಷ್ಟರಲ್ಲಿ ಮೂರೂ ಹದಿನೆಂಟಾಯಿತು. ಐವರೂ ಅವರವರ ಚಪ್ಪಲಿಗೆ ಇಳಿದೆವು. ನಾನು ನನ್ನ ಕಾಯಿಯನ್ನು ಎತ್ತಿ ಮೊದಲ ಮನೆಯಲ್ಲಿಟ್ಟು, ಕವಡೆಗಾಗಿ ಕೈ ಚಾಚಿದೆ.